ವಿನೋದಾ ಓದಿದ ‘ಪಾತಾಳದ ಬೊಕ್ಕಸ’

ವಿನೋದಾಳಿಗೆ ನೀರೆಂದರೆ ಹೆದರಿಕೆ. ಎರ್ನಾಕುಲಂ ಜೆಟ್ಟಿಯಿಂದ ವಿಲ್ಲಿಂಗ್ಡನ್ ಐಲ್ಯಾಂಡಿಗೆ ಬೆಳಗ್ಗೆ ಹೊರಡುವ ಬೋಟಿನಲ್ಲಿ ಅವಳು ಯಾವಾಗಲೂ ನಡುವಿನ ಬೆಂಚನ್ನೇ ಹಿಡಿಯುತ್ತಿದ್ದಳು. ಊಟದ ಡಬ್ಬಿಯನ್ನು ತೊಡೆಯ ಮೇಲೆ ಒತ್ತಿಕೊಂಡು, ದಡ ಬರುವ ತನಕ ಕಣ್ಣನ್ನು ತನ್ನ ಚಪ್ಪಲಿಯಿಂದ ಕದಲಿಸುತ್ತಿರಲಿಲ್ಲ. ನೀರೊಂದೇ ಅಲ್ಲ, ಕಚೇರಿಯ ಟೆಲಿಫೋನ್ ಹೊಡೆದುಕೊಂಡರೆ ಹೆದರಿಕೆ, ಸಾಹೇಬರ ಗಂಟೆ ಕೇಳಿದರೆ ಹೆದರಿಕೆ, ಮನೆಯ ಮುಂದೆ ಅಂಚೆಯವನ ಸೈಕಲ್ ನಿಂತರೂ ಹೆದರಿಕೆ. ಬಂದರಿನ ಸರಕಿಗೆ ಸಂಬಂಧಪಟ್ಟ ಕೇಂದ್ರ ಸರ್ಕಾರದ ಒಂದು ಸಣ್ಣ ಕಚೇರಿಯಲ್ಲಿ ಅವಳು ಟೈಪಿಸ್ಟ್. ತಾತ್ಕಾಲಿಕ ನೌಕರಿ.

ಊರು ಕಾಸರಗೋಡು. ತಂದೆಯಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಅಲ್ಲಿಯ ಕನ್ನಡ ದಸ್ತಾವೇಜುಗಳು ಎರ್ನಾಕುಲಂನ ಕೋರ್ಟಿಗೆ ಬರತೊಡಗಿದವು. ಅವನ್ನು ಇಂಗ್ಲಿಷಿಗೆ ಮಾಡಿಕೊಡುವ ಕೆಲಸ ಅಣ್ಣ ಮಹಾಬಲನಿಗೆ ಸಿಕ್ಕಿತು. ಅವನ ಬೆನ್ನಿಗೇ ಅವಳೂ ಬಂದಿದ್ದಳು. ಊರಿನಲ್ಲಿದ್ದ ಸೋದರಮಾವ ಸುಬ್ರಾಯ ಒಂದು ಷರತ್ತಿನ ಮೇಲೆ ಕಳಿಸಿದ್ದ. ಕೆಲಸ ಖಾಯಂ ಆದರೆ ಹುಡುಗಿ ಅಲ್ಲೇ ಇರಲಿ, ಆಗದಿದ್ದರೆ ಬಂದು ತಾನು ನೋಡಿಟ್ಟ, ಹೆಂಡತಿ ಸತ್ತವನೊಬ್ಬನ ಎರಡನೇ ಸಂಬಂಧಕ್ಕೆ ಒಪ್ಪಿಕೊಳ್ಳಬೇಕು. ಆ ಮನುಷ್ಯನನ್ನು ವಿನೋದಾ ಒಂದೇ ಸಲ ನೋಡಿದ್ದಳು. ಅಂಗಳದಲ್ಲಿ ನಿಂತು ಒಂದು ನಾಯಿಗೆ ಕಲ್ಲು ಹೊಡೆಯುತ್ತಿದ್ದ. ನಾಯಿ ಏನೂ ಮಾಡಿರಲಿಲ್ಲ. ಸುಮ್ಮನೆ ಮಲಗಿತ್ತು.

ಇಷ್ಟೊಂದು ಹೆದರುವವಳು ಓದುತ್ತಿದ್ದದ್ದು ಮಾತ್ರ ಮಾಯಾಲೋಕದ ಕಾದಂಬರಿಗಳನ್ನು. ಗುಹೆ, ಬೇತಾಳ, ಕಣ್ಣು ಕಿತ್ತಿಡುವ ಮಾಟಗಾತಿ, ಕನ್ನಡಿಯೊಳಗೆ ಸಿಕ್ಕಿಬಿದ್ದ ರಾಜಕುಮಾರ. ಮಂಗಳೂರಿನಿಂದ ಯಾರಾದರೂ ಬರುವುದಿದ್ದರೆ ಹಪ್ಪಳ ಉಪ್ಪಿನಕಾಯಿಯ ಜೊತೆಗೆ ಅವಳಿಗೊಂದು ಪುಸ್ತಕವೂ ಬರುತ್ತಿತ್ತು. “ಇಲಿ ಓಡಿದರೆ ಕಿರಿಚುತ್ತಿ, ಇದನ್ನೆಲ್ಲ ಹೇಗೆ ಓದುತ್ತಿ ಮಾರಾಯ್ತಿ?” ಎಂದು ಅತ್ತಿಗೆ ಸುಶೀಲ ಕೇಳಿದ್ದಳು. ವಿನೋದಾ ಸ್ವಲ್ಪ ಯೋಚಿಸಿ, “ಇದರಲ್ಲಿ ಹೆದರಿಕೆ ಕೊನೇ ಪುಟಕ್ಕೆ ಮುಗಿಯುತ್ತದೆ ಅತ್ತಿಗೆ” ಎಂದಿದ್ದಳು.

ಎರ್ನಾಕುಲಂನಲ್ಲಿದ್ದ ಕೆಲವು ಕನ್ನಡ ಕುಟುಂಬಗಳು ತಿಂಗಳಿಗೊಮ್ಮೆ ಭಾನುವಾರ ಬ್ಯಾಂಕಿನ ವಿಠಲರಾಯರ ಮನೆಯ ಜಗಲಿಯಲ್ಲಿ ಸೇರುತ್ತಿದ್ದವು. ಹಾಡು, ಹರಟೆ, ಕಾಫಿ. ಸಾವಿರದ ಒಂಬೈನೂರ ಐವತ್ತೆಂಟರ ಒಂದು ಭಾನುವಾರ ವಿಠಲರಾಯರು, ಈ ಸಲ ಹಾಡುವವರಿಗೆ ಗಂಟಲು ಕಟ್ಟಿದೆ, ಓದುವವರು ಮಾತಾಡಲಿ ಎಂದು ವಿನೋದಾಳ ಕಡೆ ಕೈ ತೋರಿಸಿದರು. ಅವಳು ಎದ್ದು ನಿಂತಾಗ ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಹಗ್ಗವಾಗಿತ್ತು. ಆದರೆ ಪುಸ್ತಕದ ಮಾತು ಬಾಯಿಗೆ ಬಂದ ಮೇಲೆ ಎದುರಿಗೆ ಜನ ಕೂತಿದ್ದಾರೆಂಬುದೇ ಅವಳಿಗೆ ಮರೆತುಹೋಯಿತು.

ಇತ್ತೀಚೆಗೆ ಓದಿದ್ದನ್ನೆಲ್ಲ ಹೇಳಿದಳು. ‘ಉಪ್ಪಿನ ಅರಮನೆ’ ಅವಳಿಗೆ ಬಹಳ ಹಿಡಿಸಿತ್ತು. ಕಣ್ಣೀರು ಬಿದ್ದರೆ ಕಾಲಕೆಳಗಿನ ನೆಲವೇ ಕರಗುತ್ತದೆಂದು ರಾಜಕುಮಾರಿ ಅಳುವುದಿಲ್ಲ. ಅಳದೆ ಇರುವವಳನ್ನು ನೋಡಿ ಓದುವವರಿಗೆ ಅಳು ಬರುತ್ತದೆ. ಅದಾದ ಮೇಲೆ ಓದಿದ ಒಂದು ಸಂಸಾರದ ಕಾದಂಬರಿಯಲ್ಲಿ ಎಲ್ಲರೂ ಪುಟಪುಟಕ್ಕೂ ಅತ್ತರು, ಅವಳಿಗೆ ಆಕಳಿಕೆ ಬಂದು ನಡುವಿಗೇ ಮುಚ್ಚಿಟ್ಟಿದ್ದಳು. ಪತ್ತೇದಾರಿ ಕಾದಂಬರಿಯೊಂದರಲ್ಲಿ ಕೊಲೆಗಾರ ಯಾರೆಂದು ಅಡುಗೆಯವನಿಗೂ ಗೊತ್ತಿತ್ತು, ಪತ್ತೇದಾರನಿಗೆ ಮಾತ್ರ ಗೊತ್ತಿರಲಿಲ್ಲ. ಜನ ನಕ್ಕರು.

ಕೊನೆಗೆ ಅವಳು ‘ಅಗೋಚರ’ ಎಂಬ ಹೆಸರಿನಲ್ಲಿ ಯಾರೋ ಬರೆದಿದ್ದ ‘ಪಾತಾಳದ ಬೊಕ್ಕಸ’ಕ್ಕೆ ಬಂದಳು.

“ಇದರಲ್ಲಿ ಒಬ್ಬ ಏಳು ತಲೆಯ ಅಸುರ ಇದ್ದಾನೆ. ಅವನನ್ನು ನೋಡಿ ನನಗೆ ಎಂತ ಹೆದರಿಕೆಯೂ ಆಗಲಿಲ್ಲ. ತಲೆ ಹೆಚ್ಚಾದರೆ ಹೆದರಿಕೆ ಹೆಚ್ಚಾಗುವುದಿಲ್ಲ. ನಾಯಕನಿಗಂತೂ ಬೇಕೆಂದಾಗ ಒಂದು ಮಂತ್ರ ನೆನಪಾಗುತ್ತದೆ. ಅವನಿಗೇ ಹೆದರಿಕೆ ಇಲ್ಲದ ಮೇಲೆ ನಾವು ಯಾಕೆ ಹೆದರಬೇಕು? ಆದರೆ ಬೊಕ್ಕಸದ ಅಧಿಕಾರಿ ಒಬ್ಬ ಉಂಟು. ಅವನಿಗೆ ಒಂದೇ ತಲೆ. ಕೂಗುವುದಿಲ್ಲ, ಹೊಡೆಯುವುದಿಲ್ಲ. ಯಾರಾದರೂ ಬಂದು ಎದುರು ನಿಂತರೆ ಲವಂಗ ಅಗಿಯುತ್ತಾ ಕೂತಿರುತ್ತಾನೆ, ತಲೆ ಎತ್ತುವುದಿಲ್ಲ. ತನ್ನ ಸ್ಫಟಿಕದ ಕಣ್ಣನ್ನು ತೆಗೆದು ಉತ್ತರೀಯದ ಅಂಚಿನಲ್ಲಿ ಒರೆಸುತ್ತಾನೆ. ಆಮೇಲೆ ‘ನೋಡೋಣ’ ಎನ್ನುತ್ತಾನೆ, ಅಷ್ಟೇ. ಹೊರಗೆ ಬಂದವನು ಮೆಟ್ಟಿಲಿನ ಮೇಲೆ ಕಲ್ಲಾಗುತ್ತಾನೆ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಇದು ಊಹೆಯಿಂದ ಬರೆದದ್ದಲ್ಲ. ಅಂಥ ಒಬ್ಬನ ಎದುರು ಈ ಲೇಖಕರು ನಿಂತು ಬಂದಿದ್ದಾರೆ.”

ಬಾಗಿಲ ಬಳಿ ಕುರ್ಚಿ ಸರಿದ ಸದ್ದಾಯಿತು. ಅವಳ ಕಚೇರಿಯ ಸಾಹೇಬರಾದ ಉಪೇಂದ್ರರಾಯರು ಎದ್ದು ಹೊರಗೆ ಹೋಗುತ್ತಿದ್ದರು. ಮೈಸೂರಿನ ಕಡೆಯವರು, ಒಂಟಿ ಮನುಷ್ಯ. ಆ ಸಭೆಗೆ ಅದೇ ಮೊದಲ ಸಲ ಬಂದಿದ್ದರು. ಕಾಫಿಗೂ ನಿಲ್ಲಲಿಲ್ಲ.

ಎಲ್ಲರೂ ಹೊರಟ ಮೇಲೆ ವಿಠಲರಾಯರು ಅವಳನ್ನು ಪಕ್ಕಕ್ಕೆ ಕರೆದರು. ಅವರ ಮುಖ ಪೆಚ್ಚಾಗಿತ್ತು. “ತಪ್ಪು ನನ್ನದೇ ವಿನೋದಾ. ಮೊದಲೇ ಹೇಳಬೇಕಿತ್ತು. ಆ ಅಗೋಚರ ಅಂದರೆ ನಿಮ್ಮ ಉಪೇಂದ್ರರಾಯರೇ. ಅಚ್ಚಿನ ಹಾಳೆಗಳು ನನ್ನ ಬ್ಯಾಂಕಿನ ವಿಳಾಸಕ್ಕೆ ಬರುತ್ತಿದ್ದವು. ನನಗೊಬ್ಬನಿಗೇ ಗೊತ್ತು. ಜನ ಎಂತ ಹೇಳುತ್ತಾರೆ ಕೇಳುವ ಅಂತ ಇವತ್ತು ಬಂದಿದ್ದರು.”

ವಿನೋದಾ ಜಗಲಿಯ ಕಂಬ ಹಿಡಿದುಕೊಂಡಳು. ಅವಳು ತಿಳಿದಂತೆ, ಅವಳ ನೌಕರಿ ಖಾಯಂ ಮಾಡುವ ಶಿಫಾರಸು ಇದ್ದದ್ದು ಉಪೇಂದ್ರರಾಯರ ಮೇಜಿನ ಮೇಲೆ.

ಮರುದಿನದಿಂದ ಬೋಟಿನ ನೀರು ಅವಳಿಗೆ ಹೆದರಿಕೆಯೆನಿಸಲಿಲ್ಲ. ದಡವೇ ಹೆದರಿಕೆಯಾಯಿತು. ದಿನವೂ ಎರಡು ಮೂರು ಸಲ ಡಿಕ್ಟೇಶನ್ನಿಗೆ ಕರೆಯುತ್ತಿದ್ದ ಉಪೇಂದ್ರರಾಯರು ಆ ವಾರ ಒಮ್ಮೆಯೂ ಕರೆಯಲಿಲ್ಲ. ಹಾದುಹೋಗುವಾಗ ಅವಳ ಮೇಜಿನ ಕಡೆ ನೋಡುತ್ತಿರಲಿಲ್ಲ. ಅವಳ ಬೆರಳು ಟೈಪ್‌ರೈಟರಿನ ಮೇಲೆ ತಪ್ಪತೊಡಗಿತು. ಒಂದು ಪತ್ರವನ್ನು ಹರಿದು ಹರಿದು ಮತ್ತೆ ಮತ್ತೆ ಹೊಡೆದಳು.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಅವರು ಬಂದು ಅವಳ ಮೇಜಿನ ಮುಂದೆ ನಿಂತರು. ಕಚೇರಿಯಲ್ಲಿ ಇಂಗ್ಲಿಷ್ ಬಿಟ್ಟು ಮಾತಾಡದ ಮನುಷ್ಯ ಅಂದು ಕನ್ನಡದಲ್ಲಿ ಕೇಳಿದರು.

“ಆ ಪುಸ್ತಕದ ವಿಷಯ ಬೇರೆ ಯಾರ ಹತ್ರಾನಾದ್ರೂ ಮಾತಾಡಿದ್ರಾ?”

“ಇಲ್ಲ ಸರ್.”

“ಆ ಬೊಕ್ಕಸದವನ ವಿಷಯ?”

“ಇಲ್ಲ ಸರ್. ನನಗೆ ಗೊತ್ತಿರಲಿಲ್ಲ ಸರ್, ನೀವು—”

“ಮಾತಾಡ್ಬೇಡಿ” ಎಂದು ಅವರು ಹೊರಟುಹೋದರು. ಅವರ ದನಿ ನಡುಗಿತ್ತು. ಸಿಟ್ಟಿನಿಂದ ನಡುಗಿದ್ದೆಂದೇ ವಿನೋದಾ ತಿಳಿದಳು. ಆ ಸಂಜೆ ಮನೆಗೆ ಬಂದವಳು, ಊರಿಗೆ ಹೋಗುವುದಾದರೆ ಯಾವ ಸೀರೆಗಳನ್ನು ಅತ್ತಿಗೆಗೆ ಬಿಟ್ಟುಹೋಗುವುದೆಂದು ಯೋಚಿಸುತ್ತಾ ಕೂತಳು. ಅಂಗಳದ ಆ ನಾಯಿ ಕಣ್ಣಮುಂದೆ ಬಂದು ಹೋಗುತ್ತಿತ್ತು.

ಆಮೇಲೆ ತಿರುವನಂತಪುರದ ಮುಖ್ಯ ಕಚೇರಿಯಿಂದ ಕರೆ ಬಂತು. ತಾತ್ಕಾಲಿಕ ನೌಕರರನ್ನು ದೊಡ್ಡ ಸಾಹೇಬರು ಖುದ್ದಾಗಿ ನೋಡುತ್ತಾರಂತೆ. ವಿನೋದಾ ಬರಬೇಕು, ಉಪೇಂದ್ರರಾಯರೂ ಬರಬೇಕು. ದೊಡ್ಡ ಸಾಹೇಬರು ಮದರಾಸಿನವರೆಂದಷ್ಟೇ ಅವಳಿಗೆ ಗೊತ್ತಿತ್ತು. ಹೆಣ್ಣುಮಗಳನ್ನು ಒಬ್ಬಳನ್ನೇ ಕಳಿಸುವುದಿಲ್ಲವೆಂದು ಸುಶೀಲ ಹಟ ಹಿಡಿದಳು. ಮಹಾಬಲ ರಜೆ ಹಾಕಿ ಜೊತೆಗೆ ಹೊರಟ. ಕೋಟ್ಟಯಂ ಮೇಲೆ ಹೋಗುವ ರೈಲುದಾರಿ ಆಗಷ್ಟೇ ತಿರುವನಂತಪುರದವರೆಗೂ ಕೂಡಿಕೊಂಡಿತ್ತು. ಹೊಸ ಸೇತುವೆಗಳ ಮೇಲೆ ರೈಲು ಸದ್ದು ಮಾಡಿದಾಗಲೆಲ್ಲ ವಿನೋದಾ ಅಣ್ಣನ ತೋಳು ಹಿಡಿದಳು. ಉಪೇಂದ್ರರಾಯರು ಬೇರೆ ಡಬ್ಬಿಯಲ್ಲಿ ಕೂತಿದ್ದರು.

ಮುಖ್ಯ ಕಚೇರಿ ರೈಲು ನಿಲ್ದಾಣವಿರುವ ತಂಪಾನೂರಿನಿಂದ ಏರು ರಸ್ತೆಯಲ್ಲಿ ಸ್ವಲ್ಪ ಮೇಲೆ, ಒಂದು ಹಳೆಯ ಬಂಗಲೆಯಲ್ಲಿತ್ತು. ಹೊರಗಿನ ಬೆಂಚಿನಲ್ಲಿ ಮೂವರೂ ಕೂತರು. ಬೆಂಚಿಗೂ ಸಾಹೇಬರ ಕೋಣೆಗೂ ನಡುವೆ ಮೇಲೂ ಕೆಳಗೂ ತೆರೆದಿದ್ದ ಅರ್ಧ ಬಾಗಿಲು. ಜವಾನ ಬಂದು ಅವಳ ಹೆಸರು ಕೂಗಿದ. ಎದ್ದು ನಿಂತಾಗ ಉಪೇಂದ್ರರಾಯರು ಅವಳ ಮುಖವನ್ನೊಮ್ಮೆ ನೋಡಿದರು. ಎಷ್ಟೋ ದಿನಗಳ ಮೇಲೆ ಅದೇ ಮೊದಲು. ಬೇಡಿಕೊಳ್ಳುವವರ ನೋಟ ಅದು ಎಂದು ಅವಳಿಗೆ ಅನ್ನಿಸಿತು. ಯಾಕೆಂದು ತಿಳಿಯಲಿಲ್ಲ.

ಒಳಗೆ ದೊಡ್ಡ ಮೇಜು. ಅದರ ಹಿಂದೆ ತೆಳ್ಳಗಿನ, ಶುಭ್ರವಾಗಿ ಕ್ಷೌರ ಮಾಡಿಕೊಂಡ ವಯಸ್ಸಾದ ಮನುಷ್ಯ ಏನನ್ನೋ ಓದುತ್ತಿದ್ದರು. ಅವಳು ನಮಸ್ಕಾರ ಹೇಳಿದಳು. ಅವರು ತಲೆ ಎತ್ತಲಿಲ್ಲ. ಅವಳು ನಿಂತಳು. ಫ್ಯಾನ್ ತಿರುಗುತ್ತಿತ್ತು. ಕೋಣೆಯಲ್ಲೆಲ್ಲ ಲವಂಗದ ವಾಸನೆ.

ವಾಸನೆ ಏತಕ್ಕೆ ಇಷ್ಟು ಪರಿಚಿತವೆಂದು ಅವಳಿಗೆ ಮೊದಲು ಹೊಳೆಯಲಿಲ್ಲ. ಅವರು ಒಂದು ಹಾಳೆ ತಿರುಗಿಸಿದರು, ಸಣ್ಣಗೆ ದವಡೆ ಆಡಿಸಿದರು. ಮತ್ತೊಂದು ಹಾಳೆ ತಿರುಗಿಸಿದರು. ಆಮೇಲೆ ಕನ್ನಡಕ ತೆಗೆದು, ಕುತ್ತಿಗೆಯ ಟೈ ತುದಿಯಿಂದ ಒಂದೊಂದೇ ಗಾಜನ್ನು ನಿಧಾನಕ್ಕೆ ಒರೆಸತೊಡಗಿದರು.

ಆಗ ವಿನೋದಾಳಿಗೆ ಹೊಳೆಯಿತು. ಪುಸ್ತಕದಲ್ಲಿ ಓದಿದ್ದವನು ಟೈ ಕಟ್ಟಿಕೊಂಡು ಎದುರಿಗೆ ಕೂತಿದ್ದ. ಕಚೇರಿಯಲ್ಲಿ ಉಪೇಂದ್ರರಾಯರ ದನಿ ನಡುಗಿದ್ದು ಸಿಟ್ಟಿನಿಂದಲ್ಲವೆಂದು ಅವಳಿಗೆ ತಿಳಿದದ್ದೂ ಆ ಕ್ಷಣದಲ್ಲೇ. ತಾನು ಅವರಿಗೆ ಹೆದರುತ್ತಿದ್ದಷ್ಟೂ ದಿನ ಅವರು ತನಗೆ ಹೆದರುತ್ತಿದ್ದರು.

ದೊಡ್ಡ ಸಾಹೇಬರು ಕೆಲಸದ ವಿಷಯ ಕೇಳಲಿಲ್ಲ. ಡ್ರಾಯರ್ ಎಳೆದು ಒಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ರಟ್ಟಿನ ಮೇಲೆ ಏಳು ತಲೆಯ ಅಸುರ.

“ನೀನು ಕನ್ನಡದವಳಲ್ಲವೇ?” ಅವರು ಇಂಗ್ಲಿಷಿನಲ್ಲಿ, ಬಹಳ ಮೆಲ್ಲಗೆ ಮಾತಾಡಿದರು. “ಇದನ್ನು ಯಾರೋ ನನ್ನ ಮೇಜಿನ ಮೇಲೆ ಇಟ್ಟುಹೋಗಿದ್ದಾರೆ. ಇದರಲ್ಲಿ ನಾನಿದ್ದೇನಂತೆ. ಉಪೇಂದ್ರರಾವ್ ಅವರನ್ನು ಕೇಳಿದೆ. ತಾನು ಕಾದಂಬರಿ ಓದುವುದಿಲ್ಲ ಎಂದರು. ನೀನು ಓದುತ್ತೀಯಾ?”

“ಓದುತ್ತೇನೆ ಸರ್.”

“ಇದನ್ನು ಓದಿದ್ದೀಯಾ?”

ಇಲ್ಲ ಎಂದರೆ ಬೇರೆ ಯಾರನ್ನೋ ಕರೆಸಿ ಓದಿಸುತ್ತಾರೆ. “ಓದಿದ್ದೇನೆ ಸರ್” ಎಂದಳು.

ಅವರು ಪುಸ್ತಕ ತೆರೆದು ಅವಳ ಕಡೆ ತಳ್ಳಿದರು. ಒಂದು ಪುಟದ ಅಂಚಿನಲ್ಲಿ ಕೆಂಪು ಪೆನ್ಸಿಲ್ಲಿನ ಗೆರೆ. “ಇಲ್ಲಿಂದ ಓದಿ ಇಂಗ್ಲಿಷಿನಲ್ಲಿ ಹೇಳು.”

ಅದೇ ಪುಟ. ‘ಬೊಕ್ಕಸದ ಅಧಿಕಾರಿಯು ಲವಂಗವನ್ನು ದವಡೆಯಲ್ಲಿ ಹೊರಳಿಸುತ್ತಾ’ ಎಂದು ಅಚ್ಚಿನ ಅಕ್ಷರ ಕಣ್ಣಿಗೆ ರಾಚುತ್ತಿತ್ತು. ಅವಳು ಬೆರಳನ್ನು ಸಾಲಿನ ಮೇಲಿಟ್ಟು, ಸಾಲಿನಿಂದ ಸಾಲಿಗೆ ಸರಿಸುತ್ತಾ, ಅಲ್ಲಿ ಇಲ್ಲದ್ದನ್ನು ಓದತೊಡಗಿದಳು.

“ಬೊಕ್ಕಸವನ್ನು ಕಾಯುವವಳು ಒಬ್ಬ ಮುದುಕಿ ಸರ್. ಅವಳ ಮುಖ ಕಪ್ಪೆಯದು. ಚಿನ್ನದ ರಾಶಿಯ ಮೇಲೆ ಕೂತಿರುತ್ತಾಳೆ. ಯಾರಾದರೂ ಬಂದರೆ ನಾಲಿಗೆ ಚಾಚುತ್ತಾಳೆ.”

“ಮುದುಕಿ?”

“ಹೌದು ಸರ್. ಹಾಡೂ ಹೇಳುತ್ತಾಳೆ.”

ಅವರು ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ನೋಡಿದರು. ಮುಂದಿನ ಪುಟದಲ್ಲಿ ನಾಯಕನ ಮಂತ್ರವೊಂದು ಪದ್ಯದ ಹಾಗೆ ಗಿಡ್ಡ ಗಿಡ್ಡ ಸಾಲುಗಳಲ್ಲಿ ಅಚ್ಚಾಗಿತ್ತು. “ಇದೇ ಹಾಡೇ?”

“ಅದೇ ಸರ್.”

“ಇದರಲ್ಲಿ ಏನಿದೆ?”

“ಕಪ್ಪೆಯ ಮಕ್ಕಳನ್ನು ಮಲಗಿಸುವ ಹಾಡು ಸರ್.”

ಅವರು ಅವಳ ಮುಖವನ್ನೇ ನೋಡಿದರು. ಹಾಗೆ ನೋಡುತ್ತಲೇ ಪುಟ್ಟ ಬೆಳ್ಳಿಯ ಡಬ್ಬಿಯಿಂದ ಇನ್ನೊಂದು ಲವಂಗ ತೆಗೆದು ಬಾಯಿಗೆ ಹಾಕಿಕೊಂಡರು.

“ಪುಸ್ತಕ ಹೇಗಿದೆ? ನಿನ್ನ ಅಭಿಪ್ರಾಯ ಹೇಳು.”

ಇಲ್ಲಿ ಸುಳ್ಳು ಬೇಕಾಗಿರಲಿಲ್ಲ. ಅವಳು ಇದ್ದುದನ್ನೇ ಹೇಳಿದಳು, ಜಗಲಿಯಲ್ಲಿ ಹೇಳಿದ್ದಕ್ಕಿಂತ ಗಡುಸಾಗಿ. ಏಳು ತಲೆಯವನು ಜಾತ್ರೆಯ ಬೊಂಬೆಯ ಹಾಗಿದ್ದಾನೆ. ನಾಯಕ ಮಂಕ, ಮಂತ್ರವೊಂದಿಲ್ಲದಿದ್ದರೆ ತನ್ನ ಕುದುರೆಗೆ ನೀರು ಕುಡಿಸುವುದೂ ಅವನಿಂದಾಗದು. ನಾಯಕಿ ಯಾವಾಗ ನೋಡಿದರೂ ಮೂರ್ಛೆಯಲ್ಲಿರುತ್ತಾಳೆ. ಗುಹೆಯ ವರ್ಣನೆ ಮುಗಿಯುವುದೇ ಇಲ್ಲ. ಮಕ್ಕಳು ಸಹ ಅರ್ಧಕ್ಕೆ ಬಿಡುತ್ತಾರೆ. ಕಣ್ಣೆದುರಿನ ಹೆದರಿಕೆಯಲ್ಲಿ ಮಾತು ನಿಲ್ಲಿಸುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಇಡೀ ಪುಸ್ತಕವನ್ನು ಅಧ್ಯಾಯ ಅಧ್ಯಾಯವಾಗಿ ಬಿಡಿಸಿಟ್ಟಳು. ಕೊನೆಗೆ ದೊಡ್ಡ ಸಾಹೇಬರೇ ಕೈ ಎತ್ತಿ ಸಾಕೆಂದರು. ಅವರಿಗೆ ಬೇಸರ ಬಂದಿತ್ತು.

“ವಿ ಷಲ್ ಸೀ” ಎಂದು ಅವರು ಗಂಟೆ ಒತ್ತಿದರು.

ವಿನೋದಾ ಹೊರಗೆ ಬಂದು ಬೆಂಚಿನ ಮೇಲೆ ಕುಸಿದಳು. ಮಹಾಬಲ, “ಎಂತಾಯಿತು? ಕೆಲಸದ ವಿಷಯ ಎಂತ ಹೇಳಿದರು?” ಎಂದು ಕೇಳುತ್ತಲೇ ಇದ್ದ. ಅರ್ಧ ಬಾಗಿಲಿನ ಆಚೆಯ ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಿದ್ದ ಉಪೇಂದ್ರರಾಯರು ಗೋಡೆ ನೋಡುತ್ತಾ ಕೂತಿದ್ದರು. ಅವರ ಮುಖದ ಮೇಲಿದ್ದದ್ದು ನೆಮ್ಮದಿಯೋ ನೋವೋ ಹೇಳುವಂತಿರಲಿಲ್ಲ.

ಮರುದಿನ ಬೆಳಗಿನ ರೈಲಿನಲ್ಲಿ ಅವರು ಅಣ್ಣ ತಂಗಿಯ ಎದುರಿಗೇ ಬಂದು ಕೂತರು. ಕೊಲ್ಲಂ ದಾಟುವಷ್ಟರಲ್ಲಿ ಮಹಾಬಲ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದ.

“ಏಳು ತಲೆಯವನು ನಿಜವಾಗ್ಲೂ ಅಷ್ಟು ಕೆಟ್ಟದಾಗಿದ್ದಾನಾ?” ಎಂದು ಉಪೇಂದ್ರರಾಯರು ಕೇಳಿದರು.

“ಹೌದು ಸರ್.”

“ನಾಯಕಿ?”

“ಅವಳು ಎದ್ದು ಕೂತರೆ ಒಳ್ಳೆಯದಿತ್ತು ಸರ್.”

ಅವರು ತಲೆಯಾಡಿಸಿದರು. ಹೊರಗೆ ಹಿನ್ನೀರಿನ ಮೇಲೆ ತೆಂಗಿನ ನಾರು ತುಂಬಿದ ದೋಣಿಯೊಂದು ಹೋಗುತ್ತಿತ್ತು. ಅದು ಮರೆಯಾಗುವ ತನಕ ನೋಡಿ, ಅವರು ತಾವಾಗಿಯೇ ಹೇಳತೊಡಗಿದರು.

“ಆಗ ನಾನು ಮದರಾಸಿನಲ್ಲಿ ಅವರ ಕೈಕೆಳಗೆ ಗುಮಾಸ್ತ. ನಮ್ಮ ತಂದೆ ಹೋಗ್ಬಿಟ್ರು ಅಂತ ಮೈಸೂರಿಂದ ತಂತಿ ಬಂತು. ತಂತಿ ಕೈಲಿ ಹಿಡ್ಕೊಂಡು ರಜಾ ಕೇಳೋಕೆ ಅವರ ಮುಂದೆ ನಿಂತೆ. ಲವಂಗ ಅಗಿದು ಮುಗಿಸೋವರೆಗೂ ತಲೆ ಎತ್ತಲಿಲ್ಲ. ಆಮೇಲೆ ಅದೇ ‘ನೋಡೋಣ’ ಅಂದ್ರು. ನಾನು ಊರು ಸೇರೋ ಹೊತ್ತಿಗೆ ಎಲ್ಲಾ ಮುಗಿದೋಗಿತ್ತು. ನನ್ನ ತಮ್ಮ ಕೊಳ್ಳಿ ಇಟ್ಟಿದ್ದ.”

ವಿನೋದಾ ಅವರ ಕೈಗಳನ್ನು ನೋಡಿದಳು. ಈಗಲೂ ಏನೋ ಕಾಗದ ಹಿಡಿದಿರುವವರ ಹಾಗೆ ಬೆರಳು ಮಡಚಿಕೊಂಡಿದ್ದವು.

“ಆ ತಂತಿಯನ್ನು ಪುಸ್ತಕದಲ್ಲಿ ಯಾಕೆ ಹಾಕಲಿಲ್ಲ ಸರ್?”

“ಹೆದರಿಕೆ. ಹಾಕಿದ್ರೆ ಗುರುತು ಸಿಗುತ್ತೆ ಅಂತ. ಅದಕ್ಕೇ ಆ ಏಳು ತಲೆ, ಮಂತ್ರ, ಕುದುರೆ ಎಲ್ಲಾ ತಂದು ತುಂಬಿದೆ.” ಸ್ವಲ್ಪ ತಡೆದು ಅಂದರು, “ನಿಮ್ಮ ಫೈಲು ನಾನು ಹೋದ ತಿಂಗಳೇ ಕಳಿಸಾಯ್ತು. ಒಳ್ಳೇದೇ ಬರ್ದಿದ್ದೆ. ಆ ಭಾನುವಾರಕ್ಕಿಂತ ಮುಂಚೆ.”

ವಿನೋದಾಳಿಗೆ ಅಳು ಬಂತು. ಇಷ್ಟು ದಿನ ಹೆದರಿದ್ದು ಇಲ್ಲದ್ದಕ್ಕೆ. ಇನ್ನು ಹೆದರಬೇಕಾದದ್ದು ನಿಜವಾಗಿ ಇರುವುದಕ್ಕೆ. ದೊಡ್ಡ ಸಾಹೇಬರು ನಾಳೆ ಇನ್ನೊಬ್ಬ ಕನ್ನಡದವನನ್ನು ಕರೆಸಿ ಅದೇ ಕೆಂಪು ಗೆರೆ ತೋರಿಸಿದರೆ? ಕಪ್ಪೆ ಮುದುಕಿ ಎಲ್ಲಿ ಎಂದು ಕೇಳಿದರೆ? ಆಗ ಉಪೇಂದ್ರರಾಯರ ಜೊತೆಗೆ ತನ್ನ ಕೆಲಸವೂ ಹೋಗುತ್ತದೆ.

ಮುಂದಿನ ತಿಂಗಳುಗಳನ್ನು ಅವಳು ಹೇಗೆ ಕಳೆದಳೋ ಅವಳಿಗೇ ಸರಿಯಾಗಿ ನೆನಪಿಲ್ಲ. ತಿರುವನಂತಪುರದ ಮುದ್ರೆಯಿದ್ದ ಲಕೋಟೆ ಬಂದರೆ ಟೈಪ್‌ರೈಟರ್ ಬಿಟ್ಟು ನೀರು ಕುಡಿಯಲು ಹೋಗುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಆದೇಶ ಬಂತು. ಒಕ್ಕಣೆ ಒಂದೇ ಸಾಲು, ಅವಳು ಖಾಯಂ. ಅದೇ ವಾರ ಮುಖ್ಯ ಕಚೇರಿಗೆ ಗಣಪತಿ ಎಂಬ ಹೊಸ ಗುಮಾಸ್ತ ಬಂದಿದ್ದಾನೆಂದೂ ಸುದ್ದಿ ಬಂತು. ಹುಬ್ಬಳ್ಳಿಯವನಂತೆ. ಸುಶೀಲ ಪಾಯಸ ಮಾಡಿದ್ದಳು. ವಿನೋದಾಳಿಗೆ ಒಂದು ಚಮಚವೂ ಇಳಿಯಲಿಲ್ಲ.

ಖಾಯಂ ಆದ ವಿಷಯ ತಿಳಿದು ಸೋದರಮಾವ ಊರಿನಿಂದ ಬಂದ. ಕೊಟ್ಟ ಮಾತನ್ನು ಬದಿಗಿಟ್ಟು, ಕೆಲಸ ಇದ್ದರೂ ಆ ಸಂಬಂಧ ಒಳ್ಳೆಯದೇ ಎಂದು ಶುರುಮಾಡಿದ. ಮಹಾಬಲ ನೆಲ ನೋಡುತ್ತಿದ್ದ. ವಿನೋದಾ ಅಡುಗೆಮನೆಯಿಂದ ಬಂದು ಎದುರಿಗೆ ನಿಂತಳು. “ನನಗೆ ಅವರ ಹತ್ತಿರ ಹೆದರಿಕೆ ಮಾವ. ನಾನು ಒಪ್ಪುವುದಿಲ್ಲ” ಎಂದಳು. ಮಾವ ಊಟ ಮಾಡದೆ ಬಸ್ಸಿಗೆ ಹೋದ.

ಗಣಪತಿ ಕಾಗದಪತ್ರಗಳ ಕೆಲಸಕ್ಕೆಂದು ಐಲ್ಯಾಂಡಿನ ಕಚೇರಿಗೆ ಬಂದದ್ದು ಬೇಸಿಗೆಯಲ್ಲಿ. ಮಾತುಗಾರ ಮನುಷ್ಯ. ಚಹಾ ಕುಡಿಯುತ್ತಾ ಅವನಾಗಿಯೇ ಹೇಳಿದ. “ಒಂದಿನ ದೊಡ್ಡ ಸಾಹೇಬ್ರು ನನ್ನ ಕರದು ಒಂದು ಕನ್ನಡ ಪುಸ್ತಕ ಕೊಟ್ರು ನೋಡ್ರಿ. ಒಂದು ಪುಟ ಓದು ಅಂದ್ರು. ಎರಡು ಸಾಲು ಓದೂದ್ರಾಗ ನನಗ ಗಂಟಲ ಒಣಗಿಬಿಡ್ತು. ಎದುರಿಗೆ ಕುಂತಾವ್ರೇ ಪುಸ್ತಕದಾಗ ಅದಾರ.”

ವಿನೋದಾ ಲೋಟ ಕೆಳಗಿಟ್ಟಳು. “ನೀವು ಎಂತ ಹೇಳಿದಿರಿ?”

“ಏನ್ ಹೇಳ್ಲಿ? ನಾ ಕಲ್ತದ್ದು ಮುಂಬೈದಾಗ ರೀ, ಕನ್ನಡ ಓದಾಕ ಬರೂದಿಲ್ಲ ಅಂದೆ. ‘ನೀನೂನಾ’ ಅನ್ನೋ ಹಂಗ ನೋಡಿದ್ರು. ಪುಸ್ತಕ ಡ್ರಾಯರ್‌ನಾಗ ಇಟ್ರು.”

ಆ ವರ್ಷದ ಕೊನೆಗೆ ದೊಡ್ಡ ಸಾಹೇಬರು ನಿವೃತ್ತರಾಗಿ ಮದರಾಸಿಗೆ ಹೋದರು. ಹೋಗುವಾಗ ತಮ್ಮ ಸಾಮಾನಿನ ಜೊತೆ ಆ ಪುಸ್ತಕವನ್ನೂ ಕಟ್ಟಿಸಿಕೊಂಡು ಹೋದರೆಂದು ಗಣಪತಿ ಹೇಳಿ ಕಳಿಸಿದ. ಉಪೇಂದ್ರರಾಯರಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಹೊರಡುವ ದಿನ ಅವರು ಅವಳ ಮೇಜಿನ ಬಳಿ ಬಂದು, ಮಗನೊಬ್ಬ ತಂತಿ ಹಿಡಿದು ನಿಲ್ಲುವಲ್ಲಿಂದ ಹೊಸ ಕಾದಂಬರಿ ಶುರುಮಾಡಿದ್ದೇನೆ, ಅದರಲ್ಲಿ ಅಸುರರು ಯಾರೂ ಇಲ್ಲ ಎಂದರು. ಮುಗಿಸಿ ಸರ್ ಎಂದಳು ವಿನೋದಾ. ಆ ಹೊತ್ತಿಗೆ ಜೆಟ್ಟಿಯ ಬೋಟು ಕೂಗಿತು, ಅವರು ಪೆಟ್ಟಿಗೆ ಎತ್ತಿಕೊಂಡರು.